ಕೀಲು ಬೆಚ್ಚಗಾದ ಕೂಡಲೇ ಹೇಳು

ಬಾವು ಬರುವುದಕ್ಕೆ ಮೊದಲೇ ನನಗೆ ಗೊತ್ತಾಗಿಬಿಡುತ್ತದೆ. ಮೊಣಕಾಲಿನೊಳಗೆ ಎಲ್ಲೋ ಚುಮುಚುಮು ಅನ್ನುತ್ತದೆ, ಸ್ವಲ್ಪ ಬೆಚ್ಚಗಾಗುತ್ತದೆ, ಕಾಲನ್ನು ಪೂರ್ತಿ ಮಡಚಲು ಮನಸ್ಸು ಬರುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಏನೂ ಕಾಣದು. ಹಿಮೋಫಿಲಿಯಾ ಇರುವ ಯಾರನ್ನು ಕೇಳಿದರೂ ಈ ಮುನ್ಸೂಚನೆಯ ಮಾತು ಬರುತ್ತದೆ. ಕೀಲಿನೊಳಗೆ ರಕ್ತ ಜಿನುಗಲು ಶುರುವಾಗಿದೆ ಎಂದು ಅದರ ಅರ್ಥ. ಆ ಹೊತ್ತಿಗೇ ಔಷಧಿ ಬಿದ್ದರೆ ಒಂದೆರಡು ದಿನದಲ್ಲಿ ಓಡಾಡಬಹುದು. ಬಾವು ಬಂದ ಮೇಲೆ ಬಿದ್ದರೆ ವಾರಗಟ್ಟಲೆ ಮಂಚ. ಮತ್ತೆ ಮತ್ತೆ ತಡವಾದರೆ ಕೀಲು ಸವೆದು ಸೆಟೆದುಕೊಳ್ಳುತ್ತದೆ, ನನ್ನ ಎಡ ಮೊಣಕಾಲು ಆಗಿರುವ ಹಾಗೆ.

ಈ ಕಾಯಿಲೆ ಇಟ್ಟುಕೊಂಡು ಚೆನ್ನಾಗಿ ಬದುಕುವುದು ಹೇಗೆ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಅಲ್ಲಿಂದಲೇ ಶುರುವಾಗುತ್ತದೆ: ಚುಮುಚುಮು ಅಂದ ಕೂಡಲೇ ಬಾಯಿ ಬಿಟ್ಟು ಹೇಳಬೇಕು. ಆದರೆ ಹುಡುಗರು ಹೇಳುವುದಿಲ್ಲ. ಮನೆಯಲ್ಲಿ ಅಡಿಕೆ ಕೊಯ್ಲು ನಡೆದಿರುತ್ತದೆ, ಅಪ್ಪನ ಕೈ ಖಾಲಿ ಇರುತ್ತದೆ, ನಾಳೆ ಊರಲ್ಲಿ ತೇರು ಇರುತ್ತದೆ, ಅಮ್ಮ ಮೊನ್ನೆ ತಾನೇ ಆಸ್ಪತ್ರೆಯ ನೆಲದ ಮೇಲೆ ಮಲಗಿ ಎದ್ದು ಬಂದಿರುತ್ತಾಳೆ. ಈಗ ಮತ್ತೆ ಹೇಗೆ ಹೇಳುವುದು? ಬೆಳಗಿನ ಹೊತ್ತಿಗೆ ತಾನೇ ಕಡಿಮೆಯಾದೀತು ಎಂದು ಹುಡುಗ ಕಂಬಳಿ ಎಳೆದುಕೊಂಡು ಮಲಗುತ್ತಾನೆ. ಬೆಳಗಿಗೆ ಕಾಲು ಎರಡರಷ್ಟಾಗಿರುತ್ತದೆ.

ನಾನು ಹುಟ್ಟಿದ್ದು 1979ರಲ್ಲಿ, ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಆಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಒಳಗೇ ಇತ್ತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದ ಮೇಲೆ ಇವೆಲ್ಲ ಒಂದೇ ಜಿಲ್ಲೆಯ ಊರುಗಳಾದವು. ಈಗ ಚನ್ನಗಿರಿಯ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಕೂತು ಮಾಡುವ ಕೆಲಸವನ್ನೇ ಹುಡುಕಿಕೊಂಡೆ. ನನ್ನ ವಾರಗೆಯ ಹುಡುಗರೆಲ್ಲ ಅಡಿಕೆ ಸುಲಿಯುವ ಕತ್ತಿಯ ಮುಂದೆ ಕೂರುವಾಗ ಅಮ್ಮ ನನ್ನನ್ನು ಅಂಗಳದ ಆಚೆ ಬದಿಗೆ ಕೂರಿಸುತ್ತಿದ್ದಳು. ತೋಟದ ಮನೆಯಲ್ಲಿ ಹುಟ್ಟಿದವನಿಗೆ ಅಡಿಕೆಯ ಜೊತೆಗಿನ ಸಂಬಂಧ ಕೊನೆಗೆ ಪುಸ್ತಕದ ಅಂಕಿಗಳಲ್ಲಿ ಸಿಕ್ಕಿತು.

ಕಾಯಿಲೆ ಏನೆಂದು ಹೇಳಬೇಕು. ಪತ್ರಿಕೆಗಳಲ್ಲಿ ಇದನ್ನು ಕುಸುಮ ರೋಗ ಎಂದು ಬರೆಯುತ್ತಾರೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ನಮ್ಮ ರಕ್ತದಲ್ಲಿ ಹಲವು ಪ್ರೋಟೀನುಗಳು ಒಂದರ ಹಿಂದೊಂದು ಕೆಲಸ ಮಾಡಬೇಕು. ಅವಕ್ಕೆ ಫ್ಯಾಕ್ಟರ್ ಎಂದು ಹೆಸರು, ಒಂದೊಂದಕ್ಕೂ ನಂಬರು. ಮನೆಗೆ ಆರ್‌ಸಿಸಿ ಹಾಕುವ ದಿನ ಕಾಂಕ್ರೀಟಿನ ಬಾಂಡ್ಲಿ ಕೈಯಿಂದ ಕೈಗೆ ದಾಟಿಕೊಂಡು ಮೇಲೆ ಹೋಗುವುದನ್ನು ನೋಡಿರುತ್ತೀರಿ. ನಡುವೆ ಎಂಟನೆಯವನು ಬಂದಿಲ್ಲ ಅಂದುಕೊಳ್ಳಿ, ಬಾಂಡ್ಲಿ ಅಲ್ಲೇ ನಿಲ್ಲುತ್ತದೆ. ಎಂಟನೆಯ ಫ್ಯಾಕ್ಟರ್ ಕಡಿಮೆ ಇದ್ದರೆ ಹಿಮೋಫಿಲಿಯಾ ಎ, ಒಂಬತ್ತನೆಯದು ಕಡಿಮೆ ಇದ್ದರೆ ಹಿಮೋಫಿಲಿಯಾ ಬಿ. ಎ ವಿಧ ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ, ಬಿ ಅದಕ್ಕಿಂತ ಬಹಳ ವಿರಳ. ಫ್ಯಾಕ್ಟರ್ ಮಟ್ಟ ಶೇ 1ಕ್ಕಿಂತ ಕಡಿಮೆ ಇದ್ದರೆ ತೀವ್ರ ಎನ್ನುತ್ತಾರೆ, ನನ್ನದು ಆ ಗುಂಪು. ಅಂಥವರಿಗೆ ಪೆಟ್ಟು ಬೀಳದೆಯೂ ಮೊಣಕಾಲು, ಹಿಮ್ಮಡಿಯ ಕೀಲು, ಮೊಣಕೈಗಳಲ್ಲಿ ರಕ್ತ ಸೋರುತ್ತದೆ.

ಜನ ತಿಳಿದಿರುವಂತೆ ನಮ್ಮ ರಕ್ತ ಬೇರೆಯವರಿಗಿಂತ ಜೋರಾಗಿ ಹರಿಯುವುದಿಲ್ಲ, ಹೆಚ್ಚು ಹೊತ್ತು ಹರಿಯುತ್ತದೆ ಅಷ್ಟೆ. ಬೆರಳು ಕೊಯ್ದುಕೊಂಡರೆ ಒತ್ತಿ ಹಿಡಿದು ನಿಲ್ಲಿಸಬಹುದು. ಹೆದರಬೇಕಾದದ್ದು ಕಣ್ಣಿಗೆ ಕಾಣದ ರಕ್ತಸ್ರಾವಕ್ಕೆ. ತಲೆಗೆ ಪೆಟ್ಟು ಬಿದ್ದರೆ ಲಕ್ಷಣಗಳಿಗಾಗಿ ಕಾಯುವಂತಿಲ್ಲ. ಮೊದಲು ಕೊರತೆಯಿರುವ ಫ್ಯಾಕ್ಟರ್ ಕೊಡಿಸಬೇಕು, ಆಮೇಲೆ ಸ್ಕ್ಯಾನಿಂಗ್. ನೋವಿಗೆಂದು ಆಸ್ಪಿರಿನ್, ಬ್ರೂಫೆನ್ ಮುಟ್ಟಬಾರದು. ಹಳ್ಳಿಗಳಲ್ಲಿ ಜ್ವರ ಬಂದರೂ ನೋವು ಬಂದರೂ ಸೊಂಟಕ್ಕೆ ಒಂದು ಸೂಜಿ ಚುಚ್ಚುವ ರೂಢಿ ಇದೆಯಲ್ಲ, ಆ ಸೂಜಿಯೇ ನಮಗೆ ಮಾಂಸಖಂಡದಲ್ಲಿ ದೊಡ್ಡ ರಕ್ತಗಂಟು ಕಟ್ಟಿಸಿಬಿಡುತ್ತದೆ. ಈ ಒಂದು ವಿಷಯವನ್ನು ಓದುಗರು ನೆನಪಿಟ್ಟುಕೊಂಡು ನಾಲ್ಕು ಜನಕ್ಕೆ ಹೇಳಿದರೆ ಎಲ್ಲೋ ಒಂದು ಮಗು ಉಳಿಯಬಹುದು.

ನನ್ನ ಅಮ್ಮನ ತಮ್ಮ ಚಿಕ್ಕವನಿರುವಾಗ ಹಲ್ಲು ಕೀಳಿಸಿದ ಮೇಲೆ ತೀರಿಕೊಂಡ. ಯಾಕೆಂದು ಯಾರಿಗೂ ಗೊತ್ತಾಗಲಿಲ್ಲ. ನಾನು ಅಂಬೆಗಾಲಿಡುವಾಗ ಮೈಮೇಲೆ ನೀಲಿ ಕಲೆಗಳು ಮೂಡಿದಾಗ ಅಮ್ಮನಿಗೆ ತಮ್ಮನ ನೆನಪು ಬಂತು. ಅವಳು ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ತುಂಗಭದ್ರೆಯ ದಡದ ಉಕ್ಕಡಗಾತ್ರಿಗೆ ಹೋದಳು, ಜಗಳೂರು ಸೀಮೆಯ ಕೊಡದಗುಡ್ಡಕ್ಕೂ ಹೋದಳು. ಉಕ್ಕಡಗಾತ್ರಿಯ ಅಜ್ಜಯ್ಯನ ಗದ್ದುಗೆಯ ಮುಂದೆ ಅವಳು ಅಳುವುದನ್ನು ನೋಡಿದ ನೆನಪು ನನಗಿದೆ. ಮನೆಯಲ್ಲಿ ಅವಳು ಅಳುತ್ತಿರಲಿಲ್ಲ, ಅಳುವ ಜಾಗ ಅವಳಿಗೆ ಅಲ್ಲಿ ಸಿಗುತ್ತಿತ್ತು. ಹರಕೆಯಿಂದ ರಕ್ತ ನಿಲ್ಲಲಿಲ್ಲ. ಆದರೆ ಅವಳು ಅಲ್ಲಿಂದ ಬಂದ ದಿನ ನಿದ್ದೆ ಮಾಡುತ್ತಿದ್ದಳು. ಅದನ್ನು ನಾನು ಸಣ್ಣದೆಂದು ತಿಳಿದಿಲ್ಲ.

ಕಾಯಿಲೆಯ ಹೆಸರು ಗೊತ್ತಾದ ಮೇಲೆ ಅವಳಿಗೆ ಇನ್ನೊಂದು ಭಾರ ಬಂತು. ಈ ದೋಷ ಎಕ್ಸ್ ಎಂಬ ವರ್ಣತಂತುವಿನಲ್ಲಿರುತ್ತದೆ, ಹೆಚ್ಚಿನ ಮನೆಗಳಲ್ಲಿ ತಾಯಿಯಿಂದ ಗಂಡುಮಗನಿಗೆ ದಾಟುತ್ತದೆ. ವಾಹಕಿಯಾದ ತಾಯಿಯ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಅರ್ಧಕ್ಕರ್ಧ, ಪ್ರತಿ ಹೆಣ್ಣುಮಗು ವಾಹಕಿಯಾಗುವ ಸಾಧ್ಯತೆಯೂ ಅಷ್ಟೇ. ಸುಮಾರು ಮೂರನೇ ಒಂದು ಪಾಲು ಮಕ್ಕಳಲ್ಲಿ ಮನೆತನದಲ್ಲಿ ಯಾರಿಗೂ ಇಲ್ಲದೆ ಹೊಸದಾಗಿಯೇ ಕಾಣಿಸಿಕೊಳ್ಳುತ್ತದೆ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ವಂಶದಲ್ಲಿ ಯುರೋಪಿನ ಹಲವು ಅರಮನೆಗಳಿಗೆ ಹಬ್ಬಿದ್ದು ಇದೇ ಕಾಯಿಲೆ. ಆದರೆ ನಮ್ಮ ಬೀದಿಯಲ್ಲಿ ಇದಕ್ಕೆ ಇದ್ದ ವಿವರಣೆ ಒಂದೇ: ‘ಅವಳ ತವರಿನ ಕಡೆಯಿಂದ ಬಂದದ್ದು.’ ಅಪ್ಪನ ಕಡೆಯ ಅಜ್ಜಿ ಅದನ್ನು ಬಾವಿಕಟ್ಟೆಯ ಮೇಲೆ ಹೇಳುತ್ತಿದ್ದದ್ದು ಅಮ್ಮನ ಕಿವಿಗೆ ಬೀಳುತ್ತಿತ್ತು. ನಾನು ಬೆಳೆದಂತೆ ನೋವನ್ನು ಮುಚ್ಚಿಟ್ಟುಕೊಳ್ಳಲು ಕಲಿತದ್ದರ ಬೇರು ಅಲ್ಲಿದೆ. ನನಗೆ ನೋವಾದಾಗಲೆಲ್ಲ ಅಮ್ಮನಿಗೆ ಬೈಗುಳ ಸಿಗುತ್ತಿತ್ತು.

ಆಗ ಚಿಕಿತ್ಸೆ ಎಂದರೆ ಪ್ಲಾಸ್ಮಾ, ಅದು ಸಿಗದಿದ್ದರೆ ರಕ್ತ. ಮಂಜುಗಟ್ಟಿಸಿದ ಪ್ಲಾಸ್ಮಾವನ್ನು ಮೆಲ್ಲಗೆ ಕರಗಿಸಿದಾಗ ತಳದಲ್ಲಿ ಉಳಿಯುವ ಭಾಗದಲ್ಲಿ ಎಂಟನೆಯ ಫ್ಯಾಕ್ಟರ್ ದಟ್ಟವಾಗಿರುತ್ತದೆ ಎಂದು ಅಮೆರಿಕದ ಜುಡಿತ್ ಪೂಲ್ 1960ರ ದಶಕದಲ್ಲಿ ಕಂಡುಹಿಡಿದಿದ್ದರು. ಆ ಮೇಲೆ ಪುಡಿಯ ರೂಪದ ಫ್ಯಾಕ್ಟರ್ ಬಂತು. 1980ರ ದಶಕದಲ್ಲಿ ಅದರ ಮೂಲಕವೇ ಎಚ್‌ಐವಿ, ಕಾಮಾಲೆಯ ವೈರಸ್ಸುಗಳು ಜಗತ್ತಿನಾದ್ಯಂತ ಸಾವಿರಾರು ಹಿಮೋಫಿಲಿಯಾದವರಿಗೆ ತಗುಲಿದವು. ಈಗಿನ ಫ್ಯಾಕ್ಟರಿನಲ್ಲಿ ವೈರಸ್ ನಾಶಮಾಡುವ ಹಂತಗಳಿವೆ, ರಕ್ತದ ಹಂಗೇ ಇಲ್ಲದೆ ತಯಾರಾಗುವುದೂ ಇದೆ.

ನಮ್ಮ ಭಾಗದವರ ಅದೃಷ್ಟ ದಾವಣಗೆರೆ. ಜೆಜೆಎಂ ವೈದ್ಯಕೀಯ ಕಾಲೇಜಿನಲ್ಲಿ ಪೆಥಾಲಜಿ ಪ್ರಾಧ್ಯಾಪಕರಾಗಿದ್ದ ಡಾ. ಸುರೇಶ್ ಹನಗವಾಡಿ ಕಟ್ಟಿದ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇರುವುದು ಅಲ್ಲಿ. ಅವರಿಗೂ ಹಿಮೋಫಿಲಿಯಾ ಇದೆ. ಇದು ಎಷ್ಟು ದೊಡ್ಡ ಸಂಗತಿ ಎಂದು ಕಾಯಿಲೆ ಇಲ್ಲದವರಿಗೆ ತಿಳಿಸುವುದು ಕಷ್ಟ. ಈ ಹುಡುಗ ದೊಡ್ಡವನಾಗುವುದೇ ಅನುಮಾನ ಎಂದು ನನ್ನ ಮುಂದೆಯೇ ಮಾತಾಡಿಕೊಳ್ಳುತ್ತಿದ್ದ ಜನರ ನಡುವೆ ಬೆಳೆದವನು ನಾನು. ಅದೇ ಕಾಯಿಲೆಯವರು ಓದಿ ಡಾಕ್ಟರಾಗಿ, ಬೇರೆಯವರಿಗೆ ಚಿಕಿತ್ಸೆಯ ದಾರಿ ಮಾಡಿಕೊಡುತ್ತಿದ್ದಾರೆ ಎಂಬುದು ಗೊತ್ತಾದ ದಿನ, ನಲವತ್ತು ಐವತ್ತು ವರ್ಷದ ನಾನು ಹೇಗಿರಬಹುದು ಎಂಬ ಚಿತ್ರ ಮೊದಲ ಸಲ ಮನಸ್ಸಿನಲ್ಲಿ ಮೂಡಿತು. ಅದಕ್ಕೆ ಮುಂಚೆ ನನ್ನ ಮುಂದೆ ಅಂಥ ಚಿತ್ರವೇ ಇರಲಿಲ್ಲ.

ಸೊಸೈಟಿಯ ಬೆಂಚಿನ ಮೇಲೆ ಕೂತಾಗ ಇನ್ನೊಂದು ಪಾಠವಾಯಿತು. ಜಗಳೂರಿನ ಒಣಬಯಲಿನಿಂದ, ಹೊನ್ನಾಳಿಯ ಭತ್ತದ ಗದ್ದೆಗಳ ಊರುಗಳಿಂದ ಬಂದ ಹುಡುಗರು ಪ್ಯಾಂಟು ಮೇಲೆತ್ತಿ ಮೊಣಕಾಲು ತೋರಿಸಿಕೊಂಡು ಮಾತಾಡುತ್ತಿದ್ದರು. ‘ನಿಂದು ಯಾವ ಕಾಲು? ನಂದು ಬಲಗಾಲು. ರಾತ್ರಿ ಹೊತ್ತು ಜಾಸ್ತಿ ಆಗ್ತತಲ್ಲ?’ ಒಬ್ಬ ತಾಯಿ ಇನ್ನೊಬ್ಬ ತಾಯಿಗೆ ಐಸನ್ನು ಬಟ್ಟೆಯಲ್ಲಿ ಸುತ್ತಿ ಹೇಗೆ ಇಡಬೇಕೆಂದು ತೋರಿಸುತ್ತಿದ್ದಳು. ಮನೆಯಲ್ಲಿ ಯಾವುದನ್ನು ಹೇಳಿದರೆ ಗಾಬರಿಯಾಗುತ್ತಾರೋ ಅದನ್ನು ಅಲ್ಲಿ ಮಳೆ ಬೆಳೆಯ ಸುದ್ದಿಯ ಹಾಗೆ ಮಾತಾಡಬಹುದಿತ್ತು. ವೈದ್ಯರ ಮಾತಿನಿಂದ ಕಾಯಿಲೆಯ ಬಗ್ಗೆ ತಿಳಿಯಿತು. ಅದನ್ನು ಹೊತ್ತುಕೊಂಡು ದಿನ ದೂಡುವುದು ಹೇಗೆ ಎಂಬುದು ತಿಳಿದದ್ದು ಆ ಬೆಂಚಿನ ಮೇಲೆ.

ಅಲ್ಲೇ ಪರಿಚಯವಾದ ಹೊನ್ನಾಳಿ ಕಡೆಯ ಗೆಳೆಯನೊಬ್ಬನ ಮಾತು ಇಲ್ಲಿ ಬರಬೇಕು. ನನಗಿಂತ ಗಟ್ಟಿಗ, ಮಾತುಗಾರ. ಮೂವತ್ತರ ನಂತರ ಎರಡೂ ಮೊಣಕಾಲು ಸೆಟೆದುಕೊಂಡವು, ಅಂಗಡಿ ಮುಚ್ಚಬೇಕಾಯಿತು. ಫೋನ್ ಎತ್ತುವುದನ್ನು ಬಿಟ್ಟ. ಬ್ಲೀಡ್ ಆದರೂ ಆಸ್ಪತ್ರೆಗೆ ಹೋಗಲು ಒಲ್ಲೆ ಅನ್ನತೊಡಗಿದ. ಅವನ ಹೆಂಡತಿ ನನಗೆ ಫೋನ್ ಮಾಡಿ, ‘ಅಣ್ಣಾ, ಇವ್ರು ಊಟನೂ ಸರಿಯಾಗಿ ಮಾಡ್ತಿಲ್ಲ, ನಿದ್ದೆನೂ ಇಲ್ಲ. ನಾನ್ ಇದ್ದು ಯಾರಿಗೆ ಏನು ಉಪಯೋಗ ಅಂತಾರೆ’ ಅಂದರು. ಹೋಗಿ ನೋಡಿದೆ. ಮೊಣಕಾಲಿನ ಬಗ್ಗೆ ಕೇಳಿದರೆ ಉತ್ತರ ಕೊಟ್ಟ, ಮನಸ್ಸಿನ ಬಗ್ಗೆ ಕೇಳಿದರೆ ಗೋಡೆ ನೋಡಿದ.

ಬಹಳ ಕಾಲದ ಕಾಯಿಲೆ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಹೆಚ್ಚು. ಸಕ್ಕರೆ ಕಾಯಿಲೆ, ಸಂಧಿವಾತ, ಮೂತ್ರಪಿಂಡದ ತೊಂದರೆ ಯಾವುದೇ ಇರಲಿ, ಇದು ನಿಜ. ನೋವು ನಿದ್ದೆ ಕೆಡಿಸುತ್ತದೆ, ನಿದ್ದೆಗೆಟ್ಟ ಮೈಗೆ ನೋವು ಇನ್ನೂ ಹೆಚ್ಚು ತಟ್ಟುತ್ತದೆ, ಎರಡೂ ಸೇರಿ ಮನಸ್ಸನ್ನು ಕೆಳಗೆ ಎಳೆಯುತ್ತವೆ. ಮನಸ್ಸು ಕೆಳಗಿಳಿದವನು ಔಷಧಿ ತಪ್ಪಿಸುತ್ತಾನೆ, ಕಾಯಿಲೆ ಹೆಚ್ಚಾಗುತ್ತದೆ. ಇದನ್ನು ‘ಕಾಯಿಲೆ ಇದ್ದ ಮೇಲೆ ಬೇಜಾರು ಇದ್ದದ್ದೇ’ ಎಂದು ತಳ್ಳಿಹಾಕುವುದು ಸರಿಯಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಕೀಲಿನ ರಕ್ತಸ್ರಾವಕ್ಕೆ ಮುನ್ಸೂಚನೆ ಇರುವ ಹಾಗೆ ಇದಕ್ಕೂ ಇದೆ: ಇಷ್ಟದ ಕೆಲಸದಲ್ಲಿ ಆಸಕ್ತಿ ಹೋಗುವುದು, ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಬರದಿರುವುದು, ಜನರ ಮುಖ ತಪ್ಪಿಸುವುದು. ಎರಡು ವಾರ ಹೀಗೇ ನಡೆದರೆ ಕಾಯಬಾರದು.

ಗೆಳೆಯನಿಗೆ ಮೊದಲು ದಾರಿಯಾದದ್ದು ಫೋನು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮುಖ ಕಾಣದ ಕಾರಣಕ್ಕೇ ಅವನು ಮಾತಾಡಿದ. ಆಮೇಲೆ ಮಂಗಳವಾರದ ಕ್ಲಿನಿಕ್ಕಿಗೆ ಹೋದ. ಮನೋಚೈತನ್ಯ ಎಂಬ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನಸ್ಸಿನ ಡಾಕ್ಟರ ತಪಾಸಣೆಗೆ ವ್ಯವಸ್ಥೆ ಮಾಡಿದ್ದಾರೆ. ಹಳ್ಳಿಯ ಕಾಯಿಲೆಯವರ ಮನಸ್ಸಿಗೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಸಿಗಬೇಕೆಂಬ ಯೋಚನೆ ನಮ್ಮ ನಾಡಿಗೆ ಹೊಸದಲ್ಲ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಗೆಳೆಯ ಕೆಲವು ತಿಂಗಳು ಮಾತ್ರೆ ತೆಗೆದುಕೊಂಡ. ಈಗಲೂ ಮೊಣಕಾಲು ಮಡಚಲು ಆಗುವುದಿಲ್ಲ. ಆದರೆ ಫೋನ್ ಎತ್ತುತ್ತಾನೆ, ಬ್ಲೀಡ್ ಆದರೆ ಅವನೇ ಆಟೋ ಕರೆಸುತ್ತಾನೆ.

ನ್ಯಾಮತಿ ತಾಲ್ಲೂಕಿಗೆ ಕೊಟ್ಟ ನನ್ನ ತಂಗಿಯ ಮಗನಿಗೂ ಇದೇ ಕಾಯಿಲೆ. ಅವನು ಹುಟ್ಟಿದಾಗ ತಂಗಿ ನನ್ನ ಮುಖ ನೋಡಿ ಅತ್ತಳು, ಅವಳ ಕಣ್ಣೆದುರಿಗೆ ನನ್ನ ಬಾಲ್ಯವಿತ್ತು. ಆದರೆ ಅವನ ಬಾಲ್ಯ ಬೇರೆಯೇ ಆಯಿತು. ವಾರಕ್ಕೆ ಎರಡು ಸಲ, ರಕ್ತಸ್ರಾವ ಆಗುವ ಮುಂಚೆಯೇ, ಅವನಿಗೆ ಫ್ಯಾಕ್ಟರ್ ಹೋಗುತ್ತದೆ. ತಂಗಿ ನರ ಹುಡುಕಿ ಸೂಜಿ ಹಾಕುವುದನ್ನು ಕಲಿತಿದ್ದಾಳೆ. ಫ್ರಿಜ್ಜಿನಿಂದ ಸೀಸೆ ತೆಗೆದು, ಪುಡಿಗೆ ನೀರು ಬೆರೆಸಿ, ಅಲುಗಾಡಿಸದೆ ಎರಡು ಅಂಗೈ ನಡುವೆ ಮೆಲ್ಲಗೆ ಹೊರಳಿಸುತ್ತಾಳೆ. ಅಲುಗಾಡಿಸಿದರೆ ನೊರೆ ಬರುತ್ತದೆ, ಔಷಧಿ ಹಾಳು. ನರಕ್ಕೆ ಚುಚ್ಚದೆ ಚರ್ಮದಡಿಗೆ ಹಾಕುವ ಎಮಿಸಿಜುಮ್ಯಾಬ್ ಎಂಬ ಹೊಸ ಔಷಧಿಯೂ ಬಂದಿದೆ, ವಾರಕ್ಕೋ ತಿಂಗಳಿಗೋ ಒಮ್ಮೆ ಸಾಕು. ಬೆಲೆ ಮಾತ್ರ ವಿಪರೀತ.

ತಂಗಿ ಮಾಡಿದ ಇನ್ನೊಂದು ಕೆಲಸಕ್ಕೆ ನಾನು ಔಷಧಿಯಷ್ಟೇ ಬೆಲೆ ಕೊಡುತ್ತೇನೆ. ಮಗನನ್ನು ಶಾಲೆಗೆ ಸೇರಿಸುವಾಗ ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದುಕೊಂಡು ಮೇಷ್ಟ್ರ ಮುಂದೆ ಕೂತಳು. ಇದು ಅಂಟುರೋಗವಲ್ಲ. ಪೆಟ್ಟು ಬಿದ್ದರೆ ಐಸ್ ಇಡಿ, ಒತ್ತಿ ಹಿಡಿಯಿರಿ, ಕಾಲು ಎತ್ತರಕ್ಕೆ ಇಟ್ಟು ನನಗೆ ಫೋನ್ ಮಾಡಿ. ತಲೆಗೆ ಬಿದ್ದರೆ ಒಂದು ನಿಮಿಷವೂ ಕಾಯಬೇಡಿ. ದಯವಿಟ್ಟು ಹೊಡೆಯಬೇಡಿ. ಆಟಕ್ಕೆ ಸೇರಿಸಿಕೊಳ್ಳಿ. ಮೊದಲು ಕೇಳಿದ ಒಂದು ಶಾಲೆಯವರು ಜವಾಬ್ದಾರಿ ಬೇಡವೆಂದರು. ಎರಡನೆಯ ಕಡೆ ಮುಖ್ಯೋಪಾಧ್ಯಾಯರು ಆ ಹಾಳೆಯನ್ನು ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿದರು. ಹುಡುಗನಿಗೆ ಮನೆಯಲ್ಲಿ ಒಂದು ನಿಯಮವಿದೆ: ಬ್ಲೀಡ್ ಆಗಿದೆ ಎಂದು ಹೇಳಿದರೆ ಯಾರೂ ಬೈಯುವಂತಿಲ್ಲ, ಮರದಿಂದ ಬಿದ್ದು ಬಂದಿದ್ದರೂ ಸರಿ. ‘ಮಾವ, ಇವತ್ತು ಹಿಮ್ಮಡಿ ಬಿಸಿ ಆಗೇತಿ’ ಎಂದು ನನಗೂ ಫೋನ್ ಮಾಡಿ ಹೇಳುತ್ತಾನೆ, ಹೋಂವರ್ಕ್ ಆಯಿತು ಅನ್ನುವಷ್ಟೇ ಸಲೀಸಾಗಿ. ಅವನ ಕೀಲುಗಳು ನೆಟ್ಟಗಿವೆ. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಅಪ್ಪನ ಜೊತೆ ಈಜು ಕಲಿತ. ಕೀಲಿಗೆ ಭಾರ ಬೀಳದೆ ಮಾಂಸಖಂಡ ಗಟ್ಟಿಯಾಗುವುದರಿಂದ ನಮ್ಮಂಥವರಿಗೆ ಈಜಿನಷ್ಟು ಒಳ್ಳೆಯ ವ್ಯಾಯಾಮ ಇಲ್ಲ. ನನಗೆ ಭದ್ರಾ ನಾಲೆಯ ಏರಿಯ ಮೇಲೂ ನಡೆಯಲು ಬಿಟ್ಟಿರಲಿಲ್ಲ.

ಮುಚ್ಚಿಡುವ ಒತ್ತಡ ಅತಿ ಹೆಚ್ಚು ಇರುವುದು ಮದುವೆಯ ವಿಷಯದಲ್ಲಿ. ನನ್ನ ಅಕ್ಕನ ಮಗಳನ್ನೇ ನನಗೆ ತರಬೇಕೆಂದು ಹಿರಿಯರು ಮಾತಾಡಿದ್ದರು, ಮನೆಯ ಗುಟ್ಟು ಮನೆಯಲ್ಲೇ ಉಳಿಯುತ್ತದೆ ಎಂಬ ಲೆಕ್ಕ. ಅಕ್ಕ ವಾಹಕಿಯಾಗಿದ್ದರೆ ಅವಳ ಮಗಳೂ ವಾಹಕಿಯಾಗಿರಬಹುದು. ಹಿಮೋಫಿಲಿಯಾ ಇರುವ ಗಂಡಸು ವಾಹಕಿಯನ್ನೇ ಮದುವೆಯಾದರೆ ಹೆಣ್ಣುಮಕ್ಕಳಿಗೂ ಕಾಯಿಲೆಯೇ ಬರಬಹುದು. ನಾನು ಒಪ್ಪಲಿಲ್ಲ. ಜಗಳೂರು ತಾಲ್ಲೂಕಿನಲ್ಲಿ ಹೆಣ್ಣು ನೋಡಲು ಹೋದಾಗ ಉಪ್ಪಿಟ್ಟಿನ ತಟ್ಟೆ ಬರುವ ಮುಂಚೆಯೇ ವಿಷಯ ಹೇಳಿದೆ. ಮಧ್ಯಸ್ಥಿಕೆಗೆ ಬಂದವರು ನನ್ನ ತೋಳು ಜಿಗುಟಿದರು. ಹುಡುಗಿಯ ಅಜ್ಜಿ, ‘ಅಂಟ್ತತೇನಪ್ಪಾ?’ ಅಂದರು. ಇಲ್ಲ ಅಂದೆ. ಅವಳ ತಂದೆ ಬಹಳ ಹೊತ್ತು ಸುಮ್ಮನಿದ್ದು, ಹುಟ್ಟುವ ಮಕ್ಕಳ ಬಗ್ಗೆ ಕೇಳಿದರು. ಗಂಡುಮಕ್ಕಳಿಗೆ ನನ್ನಿಂದ ಬರುವುದಿಲ್ಲ, ಹೆಣ್ಣುಮಕ್ಕಳೆಲ್ಲ ವಾಹಕಿಯರಾಗುತ್ತಾರೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ತಿಂಗಳು ಬಿಟ್ಟು ಒಪ್ಪಿಗೆ ಕಳಿಸಿದರು. ಇಷ್ಟು ವರ್ಷಗಳಲ್ಲಿ ಹೆಂಡತಿಗೂ ನನಗೂ ಬೇರೆ ನೂರು ಜಗಳ ಆಗಿವೆ, ಈ ವಿಷಯಕ್ಕೆ ಒಂದೂ ಆಗಿಲ್ಲ.

ಸರ್ಕಾರದ ಕಡೆಯಿಂದ ಬಂದ ಎರಡು ಬದಲಾವಣೆಗಳು ನಮ್ಮ ಮನಸ್ಸಿನ ಮೇಲೂ ಪರಿಣಾಮ ಬೀರಿವೆ. ಫ್ಯಾಕ್ಟರ್ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗತೊಡಗಿದ್ದು ಒಂದು. ನನ್ನ ನೋವು ಅಪ್ಪನ ಸಾಲವಾಗುತ್ತದೆ ಎಂಬ ಅಂಜಿಕೆ ಈಗಿನ ಹುಡುಗರಿಗೆ ಅಷ್ಟಿಲ್ಲ. ಇನ್ನೊಂದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಅದರ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್ ಕಾಯಿಲೆಗಳಿವೆ. ಅಂಗವೈಕಲ್ಯದ ಕಾರ್ಡು ಮಾಡಿಸಿಕೊಳ್ಳಲು ಹಿಂಜರಿಯುವವರಿದ್ದಾರೆ, ಹಣೆಪಟ್ಟಿ ಬೀಳುತ್ತದೆಂಬ ಭಯ. ನಾನು ಎಲ್ಲರಿಗೂ ಮಾಡಿಸಿಕೊಳ್ಳಿ ಎನ್ನುತ್ತೇನೆ.

ನನ್ನ ಮಗಳು ಈಗ ಪಿಯುಸಿ ಓದುತ್ತಿದ್ದಾಳೆ. ಅವಳು ವಾಹಕಿ ಎಂಬುದಕ್ಕೆ ಪರೀಕ್ಷೆ ಬೇಕಿಲ್ಲ, ನನ್ನ ಮಗಳಾಗಿರುವುದೇ ಸಾಕು. ಆದರೆ ವಾಹಕಿಯರಲ್ಲಿ ಕೆಲವರಿಗೆ ಫ್ಯಾಕ್ಟರ್ ಮಟ್ಟವೂ ಕಡಿಮೆ ಇರುತ್ತದೆ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವುದು, ಹಲ್ಲು ಕೀಳಿಸಿದಾಗ, ಆಪರೇಷನ್ನಿನಲ್ಲಿ, ಹೆರಿಗೆಯಲ್ಲಿ ರಕ್ತ ನಿಲ್ಲದಿರುವುದು ಅವರಿಗೂ ಆಗಬಹುದು. ನನ್ನ ಅಮ್ಮ ಇಡೀ ಜೀವನ ಸುಸ್ತು ಎನ್ನುತ್ತಿದ್ದಳು, ಯಾರೂ ಅವಳ ರಕ್ತ ಪರೀಕ್ಷೆ ಮಾಡಿಸಲಿಲ್ಲ. ಹೆಣ್ಣುಮಕ್ಕಳು ಈ ಕಾಯಿಲೆಯನ್ನು ಹೊರುತ್ತಾರೆ, ಅವರಿಗೇನೂ ಆಗುವುದಿಲ್ಲ ಎಂಬ ಮಾತನ್ನು ಆಸ್ಪತ್ರೆಗಳಲ್ಲೇ ಕೇಳಿದ್ದೇನೆ, ಕೇಳಿದಾಗಲೆಲ್ಲ ಕೋಪ ಬರುತ್ತದೆ.

ಮಗಳಿಗೆ ಇದನ್ನೆಲ್ಲ ಅವಳು ಎಂಟನೇ ತರಗತಿಯಲ್ಲಿ ಇರುವಾಗಲೇ ಹೇಳಿದ್ದೆವು. ನನ್ನ ಹೆಂಡತಿಯ ಒತ್ತಾಯ ಅದು, ಮದುವೆಯ ವಯಸ್ಸಿನಲ್ಲಿ ಯಾರೋ ಬೇರೆಯವರ ಬಾಯಿಂದ ಕೇಳಬಾರದು ಎಂದು. ಅವಳು ಒಂದೆರಡು ದಿನ ಮೌನವಾಗಿದ್ದಳು. ಆಮೇಲೆ ಬಂದು, ‘ಅಪ್ಪಾ, ಹಂಗಾದ್ರೆ ಅಜ್ಜಿ ತಪ್ಪೇನೂ ಇಲ್ಲಲ್ಲ?’ ಎಂದು ಕೇಳಿದಳು. ನಮ್ಮ ಮನೆಯಲ್ಲಿ ಆ ಮಾತನ್ನು ಯಾರಾದರೂ ಬಾಯಿ ಬಿಟ್ಟು ಆಡಿದ್ದು ಅದೇ ಮೊದಲು. ಅಮ್ಮ ಆಗ ಬದುಕಿದ್ದಳು, ಅಡುಗೆಮನೆಯಿಂದ ಕೇಳಿಸಿಕೊಂಡಳು.

ಪರೀಕ್ಷೆ ಮುಗಿದ ಮೇಲೆ ಮಗಳ ಫ್ಯಾಕ್ಟರ್ ಮಟ್ಟ ನೋಡಿಸಲು ದಾವಣಗೆರೆಗೆ ಹೋಗಬೇಕೆಂದಿದ್ದೇವೆ. ಡಾಕ್ಟರಿಗೆ ಕೇಳಬೇಕಾದದ್ದನ್ನು ಅವಳೇ ಕೆಮಿಸ್ಟ್ರಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟುಕೊಂಡಿದ್ದಾಳೆ. ನನ್ನ ಮಟ್ಟ ಎಷ್ಟಿದ್ದರೆ ಕಡಿಮೆ ಎನ್ನುತ್ತೀರಿ? ಹಾಸ್ಟೆಲಿನಲ್ಲಿ ಯಾರಿಗೆ ತಿಳಿಸಿರಬೇಕು? ಕಬಡ್ಡಿ ಆಡಬಹುದಾ?